ಲಾರಿಯ ಮೈಮೇಲಿನ ಅಕ್ಷರಕ್ಕೆ ಬೆಲೆ ಕಟ್ಟುವ ಬಗೆ

ಓದುಗರ ಪ್ರಶ್ನೆ – ಉತ್ತರ

ಪ್ರಶ್ನೆ: ಕುಶಾಲನಗರದಲ್ಲಿ ಒಂದೂವರೆ ವರ್ಷದಿಂದ ಸ್ಟಿಕರ್ ಕಟಿಂಗ್ ಅಂಗಡಿ ನಡೆಸುತ್ತಿದ್ದೇನೆ. ಎರಡು ಅಡಿ ಅಗಲದ ಪ್ಲಾಟರ್ (ಸ್ಟಿಕರ್ ಹಾಳೆ ಕತ್ತರಿಸುವ ಯಂತ್ರ) ಇದೆ. ಅಂಟಿಸಿಕೊಡುವುದೂ ಸೇರಿ ಚದರ ಅಡಿಗೆ 120 ರೂಪಾಯಿಯಂತೆ ತೆಗೆದುಕೊಳ್ಳುತ್ತೇನೆ. ದಿನವಿಡೀ ಕೆಲಸವಿದ್ದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಈಗ ಕಾಫಿ ಸಾಗಿಸುವವರೊಬ್ಬರು ತಮ್ಮ ಆರು ಪಿಕಪ್‌ಗಳ ಬಾಗಿಲಿಗೂ ಎರಡು ಲಾರಿಗಳ ಪಕ್ಕಕ್ಕೂ ಹೆಸರು ಹಾಕಿಕೊಡಲು ಕೇಳಿದ್ದಾರೆ. ಒಟ್ಟಿಗೆ ಕೊಡುವುದರಿಂದ ಕಡಿಮೆ ಮಾಡಬೇಕು ಎನ್ನುತ್ತಿದ್ದಾರೆ. ಯಾವ ಲೆಕ್ಕದಲ್ಲಿ ಬೆಲೆ ಹೇಳಲಿ?

ಉತ್ತರ: ನಿಮ್ಮ ತೊಂದರೆ ಈ ಕಸುಬಿಗೆ ಬಂದ ಬಹುತೇಕ ಎಲ್ಲರ ತೊಂದರೆ, ನಾನೂ ಅಂಗಡಿ ತೆರೆದ ಮೊದಲ ಎರಡು ವರ್ಷ ಇದನ್ನೇ ಅನುಭವಿಸಿದವನು. ಚದರ ಅಡಿಯ ದರ ಫ್ಲೆಕ್ಸ್ ಮುದ್ರಣದಿಂದ ನಮ್ಮ ಕೆಲಸಕ್ಕೆ ಬಂದದ್ದು. ಫ್ಲೆಕ್ಸಿನಲ್ಲಿ ಹತ್ತು ಅಕ್ಷರವಿದ್ದರೂ ಸಾವಿರ ಅಕ್ಷರವಿದ್ದರೂ ಯಂತ್ರಕ್ಕೆ ತಗಲುವ ಸಮಯ ಒಂದೇ ಆದುದರಿಂದ ಅಲ್ಲಿ ಆ ದರ ಸರಿಹೋಗುತ್ತದೆ. ವಿನೈಲ್ ಎಂಬ ಸ್ಟಿಕರ್ ಹಾಳೆಯಿಂದ ಕತ್ತರಿಸುವ ಅಕ್ಷರದಲ್ಲಿ ಹಾಗಲ್ಲ. ಯಂತ್ರ ಕತ್ತರಿಸಿದ ಮೇಲೆ ಬೇಡದ ಭಾಗವನ್ನು ಚಿಮುಟದಿಂದ ಕಿತ್ತು ತೆಗೆಯುವುದು, ಅಕ್ಷರಗಳನ್ನು ಸಾಲು ಕೆಡದಂತೆ ಎತ್ತಿ ಅಂಟಿಸಲು ಟ್ರಾನ್ಸ್‌ಫರ್ ಟೇಪ್ ಹೊದಿಸುವುದು, ಬಾಗಿಲನ್ನು ಒರೆಸಿ ಅಳತೆ ಹಿಡಿದು ಅಂಟಿಸುವುದು, ಇವೆಲ್ಲ ಕೈಯ ಕೆಲಸ. ಅಕ್ಷರ ಚಿಕ್ಕದಾದಷ್ಟೂ ಆ ಕೆಲಸ ಹೆಚ್ಚುತ್ತದೆ, ಚದರ ಅಡಿ ಮಾತ್ರ ಕಡಿಮೆಯಾಗುತ್ತದೆ.

ಆದ್ದರಿಂದ ಮೊದಲು ನಿಮ್ಮ ಅಂಗಡಿಯ ಒಂದು ಗಂಟೆಯ ಬೆಲೆಯನ್ನು ಕಂಡುಕೊಳ್ಳಿ. ಇಲ್ಲಿ ನಾನು ಕೊಡುವ ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ. ನಿಮ್ಮ ಅಂಕಿಗಳನ್ನು ನೀವೇ ಹಾಕಿಕೊಳ್ಳಬೇಕು. ಬಾಡಿಗೆ 7,000, ವಿದ್ಯುತ್ತು ಮತ್ತು ಇಂಟರ್ನೆಟ್ 2,500, ಯಂತ್ರದ ಸಾಲದ ಕಂತು 6,500, ಬ್ಲೇಡು, ರಿಪೇರಿ, ಓಡಾಟಕ್ಕೆ 4,000, ನಿಮ್ಮ ಸಂಬಳ 25,000 ಎಂದು ಇಟ್ಟುಕೊಂಡರೆ ತಿಂಗಳಿಗೆ 45,000 ರೂಪಾಯಿಯಾಗುತ್ತದೆ. ನಿಮ್ಮ ಸಂಬಳವನ್ನು ಖರ್ಚಿನ ಪಟ್ಟಿಗೆ ಸೇರಿಸದೆ 'ಉಳಿದದ್ದು ನನಗೆ' ಎಂದುಕೊಂಡವರಿಗೆ ಏನೂ ಉಳಿಯುವುದಿಲ್ಲ. ಇಪ್ಪತ್ತೈದು ದಿನ ಎಂಟು ಗಂಟೆಯಂತೆ ಅಂಗಡಿ ತೆರೆದಿದ್ದರೆ 200 ಗಂಟೆಯಾದರೂ, ಫೋನಿನಲ್ಲಿ ಬೆಲೆ ಹೇಳುವುದು, ಮೈಸೂರಿನಿಂದ ರೋಲು ತರುವುದು, ಕರೆಂಟು ಹೋದಾಗ ಸುಮ್ಮನೆ ಕೂರುವುದು ಇವೆಲ್ಲ ಕಳೆದು ದುಡ್ಡು ಬರುವ ಕೆಲಸಕ್ಕೆ 125 ಗಂಟೆ ಸಿಕ್ಕರೆ ಹೆಚ್ಚು. 45,000ವನ್ನು 125ರಿಂದ ಭಾಗಿಸಿದರೆ ಗಂಟೆಗೆ 360 ರೂಪಾಯಿ ಬರುತ್ತದೆ.

ಈಗ ಒಂದು ಪಿಕಪ್ಪಿನ ಎರಡು ಬಾಗಿಲುಗಳನ್ನು ನೋಡೋಣ. ಪ್ರತಿ ಬಾಗಿಲಿಗೆ ಮೂರು ಅಡಿ ಉದ್ದ, ಹನ್ನೊಂದು ಅಂಗುಲ ಎತ್ತರದಲ್ಲಿ ಸಂಸ್ಥೆಯ ಹೆಸರು, ಊರು, ಫೋನ್ ಸಂಖ್ಯೆ ಇವೆ ಎಂದುಕೊಳ್ಳಿ. ಹನ್ನೊಂದು ಅಂಗುಲ ಎಂದದ್ದಕ್ಕೆ ಕಾರಣವಿದೆ: ಎರಡು ಅಡಿಯ ರೋಲಿನಲ್ಲಿ ರೋಲರುಗಳು ಹಿಡಿಯುವ ಅಂಚನ್ನು ಬಿಟ್ಟರೆ ಪೂರಾ ಎರಡು ಅಡಿ ಕತ್ತರಿಸಲು ಸಿಗುವುದಿಲ್ಲ, ಒಂದೊಂದು ಅಡಿಯ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿ ಕೂರಿಸಲಾಗದೆ ಒಂದರ ಹಿಂದೆ ಒಂದನ್ನು ಕತ್ತರಿಸಬೇಕಾಗುತ್ತದೆ, ಅರ್ಧ ರೋಲು ಬುಟ್ಟಿಗೆ ಬೀಳುತ್ತದೆ. ಒಂದು ಅಂಗುಲ ತಗ್ಗಿಸಿದರೆ ಎರಡೂ ಒಟ್ಟಿಗೆ ಕೂರುತ್ತವೆ. ಗಿರಾಕಿಯ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ನಿಮಗೆ ಸಾಮಗ್ರಿಯ ಅರ್ಧ ಖರ್ಚು ಉಳಿಯುತ್ತದೆ. ಅಂಚು, ನಡುವಿನ ಜಾಗ ಸೇರಿ ಏಳು ಚದರ ಅಡಿ ವಿನೈಲ್ ಹೋಗುತ್ತದೆ. ಚದರ ಅಡಿಗೆ ವಿನೈಲಿಗೆ 30, ಟ್ರಾನ್ಸ್‌ಫರ್ ಟೇಪಿಗೆ 10, ಸ್ಪಿರಿಟ್, ಬಟ್ಟೆ ಇತ್ಯಾದಿಗೆ ಒಟ್ಟು 20 ಎಂದರೆ ಸಾಮಗ್ರಿಗೆ 300 ರೂಪಾಯಿ. ಸಮಯವನ್ನು ಗಡಿಯಾರ ಮುಂದಿಟ್ಟುಕೊಂಡು ಬರೆಯಿರಿ: ವಿನ್ಯಾಸಕ್ಕೆ 30 ನಿಮಿಷ, ಕತ್ತರಿಸಲು 15, ಕಿತ್ತು ತೆಗೆಯಲು 40, ಟೇಪ್ ಹೊದಿಸಲು 10, ಬಾಗಿಲು ಒರೆಸಿ ಅಂಟಿಸಲು 50, ಗಿರಾಕಿಯೊಡನೆ ಮಾತುಕತೆಗೆ 15; ಒಟ್ಟು 160 ನಿಮಿಷ, ಅಂದರೆ 960 ರೂಪಾಯಿ. ಎರಡೂ ಸೇರಿ 1,260. ಕೆಟ್ಟುಹೋಗುವ ತುಂಡುಗಳಿಗೂ ಮುಂದಿನ ಯಂತ್ರಕ್ಕೂ ಎಂದು ಶೇಕಡ 15 ಸೇರಿಸಿದರೆ ಸುಮಾರು 1,450 ರೂಪಾಯಿ.

ನೀವು ಈಗ ತೆಗೆದುಕೊಳ್ಳುತ್ತಿರುವುದೆಷ್ಟು? ಐದೂವರೆ ಚದರ ಅಡಿಗೆ 120ರಂತೆ 660. ಅದರಲ್ಲಿ ಸಾಮಗ್ರಿ ಕಳೆದರೆ ಉಳಿಯುವುದು 360; ಎರಡು ಗಂಟೆ ನಲವತ್ತು ನಿಮಿಷದ ದುಡಿಮೆಗೆ ಒಂದು ಗಂಟೆಯ ಬೆಲೆ. ತಿಂಗಳ ಕೊನೆಯ ಬರಿಗೈಗೆ ಕಾರಣ ಇಷ್ಟೇ.

ಇನ್ನು ಲಾರಿಯ ಪಕ್ಕದ ಹೆಸರು. ಹನ್ನೆರಡು ಅಡಿ ಉದ್ದ, ಒಂದೂವರೆ ಅಡಿ ಎತ್ತರದ ಸಾಲು ಎರಡು ಬದಿಗೂ ಸೇರಿ 36 ಚದರ ಅಡಿ. ರೋಲಿನಲ್ಲಿ ಹೋಗುವುದು 48. ಸಾಮಗ್ರಿಗೆ 1,920. ಅಕ್ಷರ ದೊಡ್ಡದಾದ್ದರಿಂದ ಕೀಳುವ ಕೆಲಸ ಬೇಗ ಮುಗಿದು ಒಟ್ಟು ನಾಲ್ಕೂವರೆ ಗಂಟೆ ಹಿಡಿಯುತ್ತದೆ ಎಂದರೆ 1,620. ಎಲ್ಲ ಸೇರಿ, ಶೇಕಡ 15 ಕೂಡಿಸಿ ಸುಮಾರು 4,070 ರೂಪಾಯಿ. ಏಣಿಯ ಬಳಿ ಇನ್ನೊಬ್ಬರು ಬೇಕಾದರೆ ಅವರ ಕೂಲಿ ಬೇರೆ. ನಿಮ್ಮ ಹಳೆಯ ದರದಲ್ಲಿ ಇದಕ್ಕೆ 4,320 ಬರುತ್ತಿತ್ತು. ದೊಡ್ಡ ಅಕ್ಷರಕ್ಕೆ ಸರಿಯಾಗಿರುವ ದರವೇ ಚಿಕ್ಕ ಅಕ್ಷರದಲ್ಲಿ ನಿಮ್ಮನ್ನು ಮುಳುಗಿಸುತ್ತಿದೆ ಎಂಬುದು ಇದರಿಂದ ತಿಳಿಯುತ್ತದೆ. ಅಂದಹಾಗೆ, ರೋಲಿನ ಅಂಚಿನಲ್ಲಿ ಉಳಿಯುವ ಆರು ಅಂಗುಲದ ಪಟ್ಟಿಯಲ್ಲಿ ಅದೇ ಲಾರಿಯ ತೂಕದ ವಿವರಗಳನ್ನೂ ಫೋನ್ ಸಂಖ್ಯೆಯನ್ನೂ ಕತ್ತರಿಸಿಬಿಡಿ.

ಒಟ್ಟಿಗೆ ಕೊಡುವ ಗಿರಾಕಿಗೆ ಕಡಿಮೆ ಮಾಡುವುದು ನ್ಯಾಯವೇ, ಆದರೆ ಎಷ್ಟು ಎಂಬುದು ಲೆಕ್ಕದಿಂದ ಬರಬೇಕು. ಎರಡನೆಯ ಪಿಕಪ್ಪಿನಿಂದ ವಿನ್ಯಾಸದ 30 ನಿಮಿಷ, ಮಾತುಕತೆಯ 15 ನಿಮಿಷ ಉಳಿಯುತ್ತವೆ. ಹಾಗಾಗಿ 1,450ರ ಬದಲು ಸುಮಾರು 1,140ಕ್ಕೆ ಕೊಡಬಹುದು. ಆರು ವಾಹನಗಳನ್ನೂ ಒಂದೇ ಕಡೆ, ತೊಳೆದು ಒಣಗಿಸಿ ನಿಲ್ಲಿಸಿದರೆ ಮಾತ್ರ ಈ ಬೆಲೆ ಎಂದು ಮೊದಲೇ ಹೇಳಿ. ಕಡಿಮೆ ಮಾಡುವುದು ಉಳಿದ ಸಮಯದಿಂದ ಆಗಬೇಕೇ ಹೊರತು ಅಗ್ಗದ ವಿನೈಲ್ ಹಾಕಿ ಅಲ್ಲ. ಅಂಥ ರಿಯಾಯಿತಿಯ ಬೆಲೆಯನ್ನು ಗಿರಾಕಿ ಒಂದೇ ಮಳೆಗಾಲದಲ್ಲಿ ತೆರುತ್ತಾನೆ, ಆಮೇಲೆ ನಿಮ್ಮ ಅಂಗಡಿಗೆ ಬರುವುದಿಲ್ಲ.

ವಿನೈಲಿನ ಜಾತಿಯನ್ನು ಬೆಲೆಯ ಚೀಟಿಯಲ್ಲಿ ಬರೆದುಕೊಡಿ. ಮಾನೋಮೆರಿಕ್, ಪಾಲಿಮೆರಿಕ್ ಎರಡೂ ಬಿಸಿ ಉರುಳೆಗಳ ನಡುವೆ ಒತ್ತಿ ತೆಳ್ಳಗೆ ಮಾಡಿದವು. ಲಟ್ಟಿಸಿದ ಚಪಾತಿ ಹಿಟ್ಟು ಕೈಬಿಟ್ಟೊಡನೆ ತುಸು ಹಿಂದಕ್ಕೆ ಎಳೆದುಕೊಳ್ಳುವಂತೆ ಇವೂ ಬಿಸಿಲಿನಲ್ಲಿ ಕುಗ್ಗಲು ನೋಡುತ್ತವೆ. ಮಾನೋಮೆರಿಕ್ ಹೆಚ್ಚು, ಪಾಲಿಮೆರಿಕ್ ಕಡಿಮೆ. ಕಾಸ್ಟ್ ವಿನೈಲ್ ಹುಯ್ದ ದೋಸೆಯಂತೆ: ದ್ರವವಾಗಿ ಸುರಿದು ಕಾಯಿಸಿ ಒಣಗಿಸಿದ್ದು, ಸುಮಾರು 50 ಮೈಕ್ರಾನ್ ದಪ್ಪದ್ದು, ಎಳೆದುಕೊಳ್ಳುವ ಗುಣ ಇಲ್ಲವೆಂಬಷ್ಟು ಕಡಿಮೆ, ಉಬ್ಬುತಗ್ಗಿನ ಮೇಲೂ ಕೂರುತ್ತದೆ. ಒಂದೆರಡು ವರ್ಷದ ಕೆಲಸಕ್ಕೆ ಮೊದಲನೆಯದು, ಸಪಾಟಾದ ಬಾಗಿಲಿಗೆ ಎರಡನೆಯದು, ರಿವೆಟ್ಟು ಅಥವಾ ಏರಿಳಿತವಿರುವ ತಗಡಿಗೆ ಮೂರನೆಯದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯ ಕಡೆ ಓಡಾಡುವ ವಾಹನಕ್ಕೆ ಮಾನೋಮೆರಿಕ್ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಲಾರಿಗಳ ಮೈ ಮರದ ಹಲಗೆಯದಾಗಿದ್ದರೆ ಆ ಕೆಲಸವನ್ನು ಒಪ್ಪಿಕೊಳ್ಳಬೇಡಿ. ಹಲಗೆಗಳ ಸಂದಿನ ಮೇಲೆ, ಉಸಿರಾಡುವ ಮರದ ಮೇಲೆ ವಿನೈಲ್ ನಿಲ್ಲುವುದಿಲ್ಲ. ಕುಂಚ ಹಿಡಿದು ಬರೆಯುವ ಪೇಂಟರುಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಆ ಎರಡು ಲಾರಿಗಳನ್ನು ಅವರ ಬಳಿಗೆ ಕಳುಹಿಸಿ, ಕ್ಯಾಬಿನ್ನಿನ ಬಾಗಿಲುಗಳನ್ನು ಮಾತ್ರ ನೀವು ಮಾಡಿ.

ಪ್ರಶ್ನೆ: ಸುಂಟಿಕೊಪ್ಪದವನು, ಒಂದು ಪಿಕಪ್ ಇಟ್ಟುಕೊಂಡಿದ್ದೇನೆ. ಎಫ್.ಸಿ.ಗಾಗಿ (ವಾಹನದ ಅರ್ಹತಾ ಪತ್ರಕ್ಕಾಗಿ) ಜುಲೈಯಲ್ಲಿ ಬಾಗಿಲುಗಳಿಗೆ ಬಣ್ಣ ಹೊಡೆಸಿ, ನಾಲ್ಕೇ ದಿನದಲ್ಲಿ ಹೆಸರಿನ ಸ್ಟಿಕರ್ ಹಾಕಿಸಿದೆ. ದೀಪಾವಳಿಯ ಹೊತ್ತಿಗೆ ಅರ್ಧ ಅಕ್ಷರಗಳು ಎದ್ದುಹೋಗಿವೆ. ಅಂಟಿಸಿದವರು ಬಣ್ಣದ ತಪ್ಪು ಎನ್ನುತ್ತಾರೆ, ಬಣ್ಣ ಹೊಡೆದವರು ಸ್ಟಿಕರಿನ ತಪ್ಪು ಎನ್ನುತ್ತಾರೆ. ಯಾರ ಮಾತನ್ನು ನಂಬಲಿ?

ಉತ್ತರ: ಇಬ್ಬರನ್ನೂ ಬಿಟ್ಟು ಎದ್ದುಬಂದ ಅಕ್ಷರವನ್ನೇ ಕೇಳಿ. ಒಂದನ್ನು ಮೆಲ್ಲಗೆ ಬಿಡಿಸಿ ಬೆನ್ನು ನೋಡಿ. ಗೋಂದಿನ ಮೇಲೆ ಬಣ್ಣದ ಪುಡಿ ಅಥವಾ ಪದರ ಅಂಟಿಕೊಂಡಿದ್ದರೆ ಬಣ್ಣ ಒಣಗಿರಲಿಲ್ಲ, ಇಲ್ಲವೇ ತಗಡನ್ನು ಸರಿಯಾಗಿ ತೇಯದೆ ಬಣ್ಣ ಹೊಡೆದಿದ್ದಾರೆ. ಅಕ್ಷರದ ತುಂಬ ಸಾಸಿವೆ ಕಾಳಿನಂಥ ಗುಳ್ಳೆಗಳಿದ್ದರೆ ಹಸಿ ಬಣ್ಣದಿಂದ ಥಿನ್ನರಿನ ಆವಿ ಹೊರಬರುತ್ತಿತ್ತು ಎಂದರ್ಥ. ಅಕ್ಷರದ ಸುತ್ತ ಕೂದಲೆಳೆಯಷ್ಟು ಗೋಂದು ಬಾಗಿಲಿನ ಮೇಲೆಯೇ ಉಳಿದು ಅಲ್ಲಿ ಧೂಳು ಕಪ್ಪು ಗೆರೆಯಾಗಿ ಕಟ್ಟಿದ್ದರೆ ವಿನೈಲ್ ಕುಗ್ಗಿದೆ; ಅದು ಸಾಮಗ್ರಿಯ ದೋಷ. ಒಂದೇ ದಿಕ್ಕಿನ ಅಂಚುಗಳು ಮಾತ್ರ ಎದ್ದಿದ್ದರೆ ವಾಟರ್ ಸರ್ವಿಸಿನವರು ನೀರಿನ ಪೈಪನ್ನು ಹತ್ತಿರದಿಂದ, ಓರೆಯಾಗಿ ಹಿಡಿದಿದ್ದಾರೆ. ಗೋಂದು ಹೊಚ್ಚಹೊಸದರಂತೆ ಶುಭ್ರವಾಗಿದ್ದು ಎಲ್ಲಿಯೂ ಹಿಡಿದುಕೊಂಡ ಗುರುತೇ ಇಲ್ಲದಿದ್ದರೆ ಬಾಗಿಲಿನ ಮೇಲೆ ತೇವವೋ ಪಾಲಿಶ್ಶೋ ಇತ್ತು.

ನೀವು ಬರೆದಿರುವುದನ್ನು ನೋಡಿದರೆ ನಾಲ್ಕು ದಿನದ ಅಂತರವೇ ಮುಖ್ಯ ಕಾರಣವಿರಬೇಕು. ಎನಾಮೆಲ್ ಬಣ್ಣ ಮುಟ್ಟಿದರೆ ಅಂಟದಿರುವುದು ಬೇರೆ, ಒಳಗಿನವರೆಗೆ ಗಟ್ಟಿಯಾಗುವುದು ಬೇರೆ. ಬೇಸಿಗೆಯಲ್ಲಿ ಮೂರು ವಾರ ಬಿಡುವ ನಾನು ಜುಲೈ–ಆಗಸ್ಟಿನ ಮಳೆಯ ಕಕ್ಕಡ ತಿಂಗಳಿನಲ್ಲಿ ಐದಾರು ವಾರವಾಗದೆ ಮುಟ್ಟುವುದಿಲ್ಲ. ಉಗುರಿನಿಂದ ಒತ್ತಿದಾಗ ಗುರುತು ಮೂಡಿದರೆ ಇನ್ನೂ ಕಾಯಬೇಕು. ಹಸಿ ಬಣ್ಣದ ಮೇಲೆ ಅಂಟಿಸಿಕೊಡಿ ಎಂದು ನೀವೇ ಅವಸರ ಮಾಡಿದ್ದರೆ ಹೊಣೆಯಲ್ಲಿ ನಿಮ್ಮ ಪಾಲೂ ಇದೆ. ಆದರೆ ನಿಲ್ಲುವುದಿಲ್ಲವೆಂದು ಬಾಯಿಬಿಟ್ಟು ಹೇಳುವುದು ಅಂಟಿಸುವವರ ಕರ್ತವ್ಯವಾಗಿತ್ತು. ಅವರು ಹೇಳದೆ ಅಂಟಿಸಿದ್ದರೆ, ಸಾಮಗ್ರಿಯ ಬೆಲೆ ನೀವು ಕೊಟ್ಟು ಕೈಕೆಲಸವನ್ನು ಅವರು ಬಿಟ್ಟುಕೊಡುವುದು ಸರಿಯೆಂದು ನನಗೆ ತೋರುತ್ತದೆ.

ಮತ್ತೆ ಹಾಕಿಸುವುದಾದರೆ ಡಿಸೆಂಬರಿನಿಂದ ಮಾರ್ಚಿನವರೆಗಿನ ಒಣ ಹವೆಯಲ್ಲಿ, ಬೆಳಗಿನ ಇಬ್ಬನಿ ಪೂರ್ತಿ ಆರಿ ತಗಡು ಬೆಚ್ಚಗಾದ ಮೇಲೆ, ಹನ್ನೊಂದು ಗಂಟೆಯ ನಂತರ ಮಾಡಿಸಿ. ಸಾಮಾನ್ಯವಾಗಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ತಗಡನ್ನು ಗೋಂದು ಹಿಡಿಯುವುದಿಲ್ಲ. ಮಡಿಕೇರಿಯ ಚಳಿಗಾಲದ ಮುಂಜಾನೆ ಆ ಮಟ್ಟಕ್ಕೆ ಹತ್ತಿರ ಬರುತ್ತದೆ. ಬಾಗಿಲನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಅದು ತಾನಾಗಿ ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಬೇಕು; ಆರಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಅಲ್ಲಿಯೇ ಕೂರುತ್ತದೆ. ಸೀಮೆಎಣ್ಣೆ, ಡೀಸೆಲ್ ಬೇಡವೇ ಬೇಡ. ಸೋಪಿನ ನೀರು ಚಿಮುಕಿಸಿ ಅಂಟಿಸುವ ಕ್ರಮ ಬಯಲುಸೀಮೆಯ ಬಿಸಿಲಿಗೆ ಒಗ್ಗುತ್ತದೆ, ನಮ್ಮ ತೇವದ ಹವೆಯಲ್ಲಿ ಅಕ್ಷರದಡಿಯ ನೀರು ಆರುವುದೇ ಇಲ್ಲ; ಒಣದಾಗಿಯೇ, ನಡುವಿನಿಂದ ಅಂಚಿನ ಕಡೆಗೆ ಸ್ಕ್ವೀಜಿ (ಒತ್ತಿ ಸವರುವ ಚಪ್ಪಟೆ ಪಟ್ಟಿ) ಎಳೆಯುತ್ತ ಅಂಟಿಸಲು ಹೇಳಿ. ಅಂಟಿಸಿದ ಮೇಲೆ ಒಂದು ದಿನ ಪೂರ್ತಿ ನೀರು ತಗಲದಿರಲಿ, ಒಂದು ವಾರ ವಾಟರ್ ಸರ್ವಿಸ್ ಬೇಡ.

ಆಯುಧಪೂಜೆಯ ಹಿಂದಿನ ವಾರದ ಬಗ್ಗೆಯೂ ಒಂದು ಮಾತು. ಎಲ್ಲ ವಾಹನಗಳನ್ನು ತೊಳೆದು, ಮಿರಿಮಿರಿ ಹೊಳೆಯಲೆಂದು ಪಾಲಿಶ್ ಬಳಿದು ಸ್ಟಿಕರ್ ಅಂಗಡಿಗೆ ತರುತ್ತಾರೆ. ಆ ಹೊಳಪಿನಲ್ಲಿ ಸಿಲಿಕೋನ್ ಇದ್ದರೆ ಯಾವ ಗೋಂದೂ ಹಿಡಿಯುವುದಿಲ್ಲ. ಅಕ್ಷರ ಮೊದಲು ಹಾಕಿಸಿ, ಪಾಲಿಶ್ ಆಮೇಲೆ, ಅಕ್ಷರವನ್ನು ಬಿಟ್ಟು ಮಾಡಿಸಿ.

ಪ್ರಶ್ನೆ: ವಿರಾಜಪೇಟೆಯ ನಮ್ಮ ಅಂಗಡಿಯಲ್ಲಿ ಇಂಗ್ಲಿಷ್ ಅಕ್ಷರಗಳು ಚೆನ್ನಾಗಿ ಬರುತ್ತವೆ, ಕನ್ನಡದಲ್ಲಿ ಮಾತ್ರ ಅಕ್ಷರದ ಹೊಟ್ಟೆಯೊಳಗೇ ಗೆರೆ ಕತ್ತರಿಸಿ ತುಂಡಾಗುತ್ತದೆ. ಒತ್ತಕ್ಷರಗಳು ಕೀಳುವಾಗ ಕಿತ್ತುಬರುತ್ತವೆ. ಏನು ಮಾಡಬೇಕು?

ಉತ್ತರ: ಪ್ರಶ್ನೆ ಕೇಳಿದ್ದಕ್ಕೆ ಸಂತೋಷವಾಯಿತು, ಎಷ್ಟೋ ಅಂಗಡಿಗಳಲ್ಲಿ ಈ ಕಾರಣಕ್ಕಾಗಿಯೇ ಗಿರಾಕಿಗೆ ಇಂಗ್ಲಿಷನ್ನು ಒಪ್ಪಿಸಿಬಿಡುತ್ತಾರೆ. ನುಡಿಯಂಥ ಫಾಂಟುಗಳಲ್ಲಿ ಒಂದು ಅಕ್ಷರ ಹಲವು ತುಂಡುಗಳ ಜೋಡಣೆ: ಮೈ ಒಂದು, ತಲೆಕಟ್ಟು ಅಥವಾ ಗುಣಿತದ ಚಿಹ್ನೆ ಇನ್ನೊಂದು. ಈ ತುಂಡುಗಳು ಒಂದರ ಮೇಲೊಂದು ಹಾಯ್ದಿರುತ್ತವೆ. ಕಾಗದದ ಮೇಲೆ ಮುದ್ರಿಸುವಾಗ ಅದು ಕಾಣುವುದಿಲ್ಲ, ಪ್ಲಾಟರಿನ ಬ್ಲೇಡು ಮಾತ್ರ ಪ್ರತಿ ತುಂಡಿನ ಸುತ್ತಲೂ ಕತ್ತರಿಸುತ್ತದೆ. ಕೋರೆಲ್ ಡ್ರಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಬರಹವನ್ನು ಕರ್ವ್ಸ್‌ಗೆ ಬದಲಿಸಿ, ಬಿಡಿಸಿ, ಎಲ್ಲವನ್ನೂ ಆರಿಸಿಕೊಂಡು ವೆಲ್ಡ್ ಮಾಡಿ, ಅಂದರೆ ಹಾಯ್ದ ತುಂಡುಗಳನ್ನು ಒಂದೇ ಹೊರಗೆರೆಯಾಗಿ ಬೆಸೆಯಿರಿ. ಬಿಡಿಸುವಾಗ ತುಂಬಿಹೋಗುವ ಒಳಗಿನ ತೆರಪುಗಳನ್ನು ಮತ್ತೆ ತೆರೆಯಲು ಮರೆಯಬೇಡಿ. ವೆಲ್ಡಿನ ಬದಲು ಕಂಬೈನ್ ಒತ್ತಿದರೆ ಹಾಯ್ದ ಜಾಗಗಳೆಲ್ಲ ತೂತಾಗುತ್ತವೆ. ಕತ್ತರಿಸುವ ಮುನ್ನ ಪರದೆಯಲ್ಲಿ ಬಣ್ಣ ತೆಗೆದು ಹೊರಗೆರೆ ಮಾತ್ರ ಕಾಣುವಂತೆ ಮಾಡಿ ಒಂದೊಂದು ಅಕ್ಷರವನ್ನೂ ಕಣ್ಣಾಡಿಸಿ ನೋಡುವುದು ಒಳ್ಳೆಯ ಅಭ್ಯಾಸ. 'ಠ'ದ ನಡುವಿನ ಚುಕ್ಕೆ, 'ಥ'ದೊಳಗಿನ ಪುಟ್ಟ ಗುರುತು ಇವೇ ಮೊದಲು ಕಳೆದುಹೋಗುವವು.

ಒತ್ತಕ್ಷರ ಕಿತ್ತುಬರುವುದಕ್ಕೆ ಕಾರಣ ಗೆರೆ ತೆಳ್ಳಗಾಗಿರುವುದು. ಕನ್ನಡದ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತು ಎರಡಕ್ಕೂ ಜಾಗ ಬೇಕಾದ್ದರಿಂದ, ಇಂಗ್ಲಿಷಿನಷ್ಟೇ ಎತ್ತರ ಕೊಟ್ಟರೆ ಅಕ್ಷರದ ಮೈ ಬಹಳ ಚಿಕ್ಕದಾಗುತ್ತದೆ. ಕನ್ನಡದ ಸಾಲಿಗೆ ಒಂದೂವರೆ ಪಟ್ಟಿನಷ್ಟು ಎತ್ತರ ಕೊಡಿ, ದಪ್ಪನೆಯ ಫಾಂಟು ಆರಿಸಿ, ಅತಿ ತೆಳುವಾದ ಗೆರೆಯೂ 3 ಮಿಲಿಮೀಟರಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ಬ್ಲೇಡಿನ ಒತ್ತಡ ವಿನೈಲನ್ನು ಪೂರ್ತಿ ಕತ್ತರಿಸಿ ಹಿಂಬದಿಯ ಕಾಗದದ ಮೇಲೆ ನವಿರಾದ ಗುರುತು ಮಾತ್ರ ಬಿಡುವಷ್ಟಿರಲಿ, ವೇಗ ತಗ್ಗಲಿ. ಗಿರಾಕಿಗೆ ಒಪ್ಪಿಗೆಯಾದರೆ 'ಟ್ರಾನ್ಸ್‌ಪೋರ್ಟ್' ಬದಲು 'ಸಾಗಾಟ' ಎಂದು ಬರೆಯಲು ಸೂಚಿಸಿ ನೋಡಿ: ಒಂದು ಒತ್ತೂ ಇಲ್ಲದ ಮೂರೇ ಅಕ್ಷರ, ದೂರದಿಂದ ಓದಲೂ ಸುಲಭ, ಕೀಳಲೂ ಸುಲಭ.

ಮಳೆಗಾಲದಲ್ಲಿ ತೊಂದರೆ ಹೆಚ್ಚಾಗುತ್ತಿದ್ದರೆ ರೋಲನ್ನೂ ಪರೀಕ್ಷಿಸಿ. ಹಿಂಬದಿಯ ಕಾಗದ ತೇವ ಹೀರಿ ಹಿಗ್ಗುತ್ತದೆ, ವಿನೈಲ್ ಹಿಗ್ಗುವುದಿಲ್ಲ. ಆಗ ನಡುನಡುವೆ ಸುರಂಗದಂತೆ ಉಬ್ಬಿ ರೋಲು ಓರೆಯಾಗಿ ಓಡುತ್ತದೆ. ಬಳಸಿದ ರೋಲನ್ನು ಅದೇ ದಿನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ನೆಲದಿಂದ ಮೇಲೆ, ನೇರವಾಗಿ ನಿಲ್ಲಿಸಿಡಿ.

ಪ್ರಶ್ನೆ: ಸೋಮವಾರಪೇಟೆಯಿಂದ ಮರ ಸಾಗಿಸುವ ಲಾರಿ ನಮ್ಮದು. ರಾತ್ರಿ ಹೊಳೆಯಲೆಂದು ಹೆಸರನ್ನೆಲ್ಲ ಕೆಂಪು ರೇಡಿಯಂನಲ್ಲಿ ಮುಂದೆಯೂ ಹಿಂದೆಯೂ ಹಾಕಿಸಬಹುದೇ?

ಉತ್ತರ: ಮುಂದೆ ಕೆಂಪು ಬೇಡ. ಬೆಳಕು ಹಿಂತಿರುಗಿಸುವ ಪಟ್ಟಿಗೆ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ ಎಂಬ ಕ್ರಮವಿದೆ. ಎದುರಿನಿಂದ ಬರುವ ಚಾಲಕನು ಕೆಂಪನ್ನು ಕಂಡೊಡನೆ ಇದು ಅದೇ ದಿಕ್ಕಿನಲ್ಲಿ ಹೋಗುತ್ತಿರುವ ವಾಹನದ ಹಿಂಭಾಗ ಎಂದು ತಿಳಿಯುತ್ತಾನೆ. ಸಂಪಾಜೆ ಘಾಟಿಯ ಮಂಜಿನಲ್ಲಿ ಆ ತಪ್ಪು ತಿಳಿವಳಿಕೆ ಜೀವಕ್ಕೆ ಎರವಾಗಬಹುದು. ಎಫ್.ಸಿ.ಗೆ ಬೇಕಾದ ಪಟ್ಟಿಯನ್ನು ಎ.ಐ.ಎಸ್. 090 (ಇಂಥ ಪಟ್ಟಿಗೆ ಗೊತ್ತುಪಡಿಸಿದ ಮಾನದಂಡ) ಗುರುತು ಇರುವುದನ್ನೇ ನೋಡಿ ಕೊಳ್ಳಿ; ಅಂಗಡಿಯಲ್ಲಿ ಕತ್ತರಿಸಿದ ಹೊಳೆಯುವ ವಿನೈಲ್ ಅದಕ್ಕೆ ಬದಲಾಗುವುದಿಲ್ಲ. ನಾವು ರೇಡಿಯಂ ಎಂದು ಕರೆಯುವ ಇದರಲ್ಲಿ ರೇಡಿಯಂ ಇಲ್ಲ. ಗಾಜಿನ ಸಣ್ಣ ಮಣಿಗಳೋ ಪ್ರಿಸಂಗಳೋ ಬಂದ ಬೆಳಕನ್ನು ಬಂದ ಕಡೆಗೇ ಕಳಿಸುತ್ತವೆ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿಯಲ್ಲಿ ದಾಖಲಾದ ಬರಿ ವಾಹನದ ತೂಕ, ಒಟ್ಟು ತೂಕ ಮುಂತಾದ ವಿವರಗಳನ್ನು ಮಾಲೀಕರು ಸರಕು ವಾಹನದ ಮೇಲೆ ಪ್ರದರ್ಶಿಸಬೇಕು. ಅವನ್ನು ಹೊಳೆಯದ ಸಾಮಾನ್ಯ ವಿನೈಲಿನಲ್ಲಿ, ನೆಲದ ಬಣ್ಣಕ್ಕೆ ಎದ್ದು ಕಾಣುವಂತೆ, ಹೆಸರಿನ ಅಲಂಕಾರದೊಡನೆ ಬೆರೆಸದೆ ಬರೆಸಿ. ಅಂಕಿಗಳನ್ನು ಆರ್.ಸಿ. ಪುಸ್ತಕ ನೋಡಿಯೇ ಕತ್ತರಿಸಲು ಹೇಳಿ, ಹಳೆಯ ಅಕ್ಷರ ನೋಡಿ ನಕಲು ಮಾಡಿಸಬೇಡಿ. ಮರದ ದಿಮ್ಮಿ ಏರಿಸಿ ಇಳಿಸುವಾಗ ಲಾರಿಯ ಪಕ್ಕಗಳು ಉಜ್ಜಿಹೋಗುವುದರಿಂದ ಹೆಸರಿಗೆ ಕ್ಯಾಬಿನ್ನಿನ ಬಾಗಿಲೇ ತಕ್ಕ ಜಾಗ; ಅಲ್ಲಿ ಹಾಕಿದ ಪಾಲಿಮೆರಿಕ್ ಅಕ್ಷರ ನಾಲ್ಕೈದು ಮಳೆಗಾಲ ಬಾಳುವುದನ್ನು ನಾನು ನೋಡಿದ್ದೇನೆ.